ಶೇಂಗಾ ಹೊಟ್ಟಿಗೆ ಅಂಟು ಯಾಕೆ ಬೇಡ?

ಚಳ್ಳಕೆರೆ ಕಡೆ ಶೇಂಗಾ ಒಡೆಯುವ ಮಿಲ್ಲುಗಳ ಹಿಂದೆ ಹೊಟ್ಟಿನ ಗುಡ್ಡೆಗಳು ಬಿದ್ದಿರುತ್ತವೆ. ಜೋರು ಗಾಳಿ ಬಂದರೆ ರಸ್ತೆ ತುಂಬಾ ಅದೇ. ಆ ಹೊಟ್ಟನ್ನು ಅದುಮಿ ಬ್ರಿಕೆಟ್ ಮಾಡುವ ಒಂದು ಸಣ್ಣ ಘಟಕ ನೋಡೋಕೆ ಹೋಗಿದ್ದೆ. ಬ್ರಿಕೆಟ್ ಅಂದರೆ ಮುಂಗೈ ದಪ್ಪದ, ಗಟ್ಟಿಯಾದ ಉರುವಲು ದಿಂಡು. ಕಾರ್ಖಾನೆಯವರು ಇದನ್ನು ಬಿಳಿ ಕಲ್ಲಿದ್ದಲು ಅಂತಾನೂ ಕರೀತಾರೆ, ಬಣ್ಣ ಮಾತ್ರ ಕಂದು. ಹೋಗುವ ಮುಂಚೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಇಷ್ಟು ಹಗುರದ ಹೊಟ್ಟು ಗಟ್ಟಿಯಾಗಲು ಏನು ಅಂಟು ಹಾಕುತ್ತಾರೆ? ಮೈದಾನಾ, ಕಾಕಂಬಿನಾ, ಸಗಣಿನಾ?

ಮಷಿನ್ ನಡೆಸುವವರು ನಕ್ಕರು. "ಅಂಟು ಹಾಕಿದ್ರೆ ಕೆಲ್ಸ ಕೆಡ್ತೈತೆ ಸರ್. ಹೊಟ್ಟಲ್ಲೇ ಗೋಂದು ಐತೆ."

ಅವರು ಹೇಳಿದ್ದು ಅಕ್ಷರಶಃ ನಿಜ. ಮಷಿನ್ನಿನ ಎರಡೂ ಪಕ್ಕ ಆಳೆತ್ತರದ ಫ್ಲೈವೀಲ್ ತಿರುಗುತ್ತಿದ್ದವು. ನಡುವೆ ಒಂದು ಪಿಸ್ಟನ್. ನಿಮಿಷಕ್ಕೆ ಇನ್ನೂರಕ್ಕೂ ಹೆಚ್ಚು ಸಲ ಅದು ಹೊಟ್ಟನ್ನು ಗುದ್ದಿ ಕಿರಿದಾದ ಅಚ್ಚಿನೊಳಗೆ ತಳ್ಳುತ್ತದೆ. ಕಾಲಡಿಯ ಸಿಮೆಂಟ್ ನೆಲ ಕೂಡ ಧಡಧಡ ಅನ್ನುತ್ತದೆ. ಅಚ್ಚಿನ ಇನ್ನೊಂದು ತುದಿಯಿಂದ ದಿಂಡು ಹೊಗೆಯಾಡುತ್ತಾ, ಸ್ವಲ್ಪ ಸ್ವಲ್ಪವೇ ಮುಂದೆ ಬರುತ್ತದೆ. ಅದರ ಮೈ ನುಣುಪು, ಅಲ್ಲಲ್ಲಿ ಕಪ್ಪು ಸುಟ್ಟ ಗುರುತು. ಉದ್ದನೆಯ ಕಬ್ಬಿಣದ ಹಳಿಯ ಮೇಲೆ ಹರಿದು ತಣ್ಣಗಾಗುವಷ್ಟರಲ್ಲಿ ತಾನೇ ಮುರಿದು ತುಂಡಾಗುತ್ತದೆ.

ಗೋಂದು ಅಂದರೆ ಲಿಗ್ನಿನ್. ಕಡ್ಡಿ, ಸಿಪ್ಪೆ, ಮರ ಎಲ್ಲದರಲ್ಲೂ ನಾರುಗಳನ್ನು ಹಿಡಿದಿಡುವ ವಸ್ತು ಅದು. ಗಿಡ ನೆಟ್ಟಗೆ ನಿಲ್ಲುವುದರಲ್ಲಿ ಅದರ ಪಾಲು ದೊಡ್ಡದು. ಶೇಂಗಾ ಹೊಟ್ಟಿನಲ್ಲಿ ಅದು ಜಾಸ್ತಿ, ಒಣ ತೂಕದ ಕಾಲು ಭಾಗಕ್ಕೂ ಮೇಲೆ. ಭತ್ತದ ಹುಲ್ಲಿನಲ್ಲಿ ಅದರ ಅರ್ಧದಷ್ಟು. ಗುದ್ದಿದಾಗ ಆಗುವ ತಿಕ್ಕಾಟಕ್ಕೆ ಅಚ್ಚಿನೊಳಗೆ ಬಿಸಿ 150 ಡಿಗ್ರಿಯ ಆಸುಪಾಸು ಹೋಗುತ್ತದೆ. ಆಗ ಲಿಗ್ನಿನ್ ಮೆತ್ತಗಾಗುತ್ತದೆ, ತಣ್ಣಗಾದಾಗ ಮತ್ತೆ ಬಿಗಿಯುತ್ತದೆ. ಅರಗು ಕಾಯಿಸಿ ಅಂಟಿಸಿದ ಹಾಗೆ. ಹೊರಗಿನ ಅಂಟಿಗೆ ಇಲ್ಲಿ ಕೆಲಸವೇ ಇಲ್ಲ. ನೀರು ಕಲಸಿದ ಗಂಜಿ ಹಾಕಿದರಂತೂ ಅಚ್ಚಿನೊಳಗೆ ಹಬೆ ಕಟ್ಟಿಕೊಂಡು ದಿಂಡು ಸೀಳುತ್ತದೆ. ಕೆಲವೊಮ್ಮೆ ಗುಂಡು ಹಾರಿಸಿದಂತೆ ಢಂ ಅಂತ ಹೊರಗೆ ಬಂದು ಬೀಳುತ್ತದೆ. ಅವರು 'ಕೆಲ್ಸ ಕೆಡ್ತೈತೆ' ಅಂದದ್ದು ಇದಕ್ಕೇ.

ಒಂದು ತುಂಡು ಮನೆಗೆ ತಂದು ನೀರಿನ ಬಕೆಟ್‌ಗೆ ಹಾಕಿ ನೋಡಿದೆ. ಕಲ್ಲಿನಂತೆ ಮುಳುಗಿತು. ಟೀ ಕುಡಿದು ಬರುವಷ್ಟರಲ್ಲಿ ಮೈಯೆಲ್ಲ ಊದಿಕೊಂಡು, ಪದರ ಪದರವಾಗಿ ಬಿಚ್ಚಿ, ಮತ್ತೆ ಹೊಟ್ಟಿನ ಪುಡಿಯಾಗಿತ್ತು. ಮಳೆಗಾಲದಲ್ಲಿ ಬ್ರಿಕೆಟ್ ಗೋದಾಮಿನ ಒಂದು ತಗಡು ಸೋರಿದರೂ ಮಾಲೀಕರ ನಿದ್ದೆ ಯಾಕೆ ಕೆಡುತ್ತದೆ ಅಂತ ಆಗ ಗೊತ್ತಾಯಿತು.

ಹಾಗಾದರೆ 'ನೈಸರ್ಗಿಕ ಅಂಟು ಬಳಸಿ ಕೃಷಿ ತ್ಯಾಜ್ಯದಿಂದ ಇಂಧನ' ಅಂತ ತರಬೇತಿಗಳಲ್ಲಿ, ವಿಡಿಯೊಗಳಲ್ಲಿ ಹೇಳುವುದೆಲ್ಲ ಸುಳ್ಳಾ? ಸುಳ್ಳಲ್ಲ. ಆದರೆ ಅದು ಬೇರೆಯದೇ ದಾರಿ, ಅದರ ಲೆಕ್ಕವೂ ಬೇರೆ. ಎರಡನ್ನೂ ಕಲಸಿ ಮಾತಾಡುವುದರಿಂದಲೇ ಗೊಂದಲ.

ಅಂಟು ಬೇಕಾಗುವುದು ಎರಡು ಕಡೆ. ಒಂದು, ಮಷಿನ್ ಇಲ್ಲದೆ ಕೈಯಲ್ಲೋ ಸಣ್ಣ ಅಚ್ಚಿನಲ್ಲೋ ಒತ್ತುವಾಗ. ಅಲ್ಲಿ ಒತ್ತಡವೂ ಸಾಲದು, ಬಿಸಿಯೂ ಇಲ್ಲ. ಲಿಗ್ನಿನ್ ಮಲಗಿಯೇ ಇರುತ್ತದೆ. ಎರಡು, ಹೊಟ್ಟನ್ನೋ ಸಿಪ್ಪೆಯನ್ನೋ ಮೊದಲು ಇದ್ದಿಲು ಮಾಡಿಕೊಂಡು, ಆ ಪುಡಿಯಿಂದ ಉಂಡೆ ಕಟ್ಟುವಾಗ. ಇದ್ದಿಲು ಮಾಡುವಾಗಲೇ ಲಿಗ್ನಿನ್ ಒಡೆದುಹೋಗಿರುತ್ತದೆ. ಆಮೇಲೆ ಎಷ್ಟೇ ಒತ್ತಿದರೂ ಅದು ಒಣ ಮರಳು.

ಈ ಎರಡನೇ ದಾರಿಯಲ್ಲಿ ನಮ್ಮ ನೆರೆಯಲ್ಲೇ ಒಳ್ಳೆಯ ಕೆಲಸ ಆಗಿದೆ. ಪುಣೆಯ ಆರ್ತಿ ಸಂಸ್ಥೆಯವರು, ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರ ಮಗ ಆನಂದ ಕರ್ವೆ ಕಟ್ಟಿದ್ದು, ಕಬ್ಬಿನ ರವದಿಯಿಂದ ಇದ್ದಿಲು ಮಾಡುವ ಒಲೆ ರೂಪಿಸಿದರು. ಕಬ್ಬು ಕಡಿದ ಮೇಲೆ ಹೆಕ್ಟೇರಿಗೆ ಸುಮಾರು 10 ಟನ್ ಒಣ ಗರಿ ಉಳಿಯುತ್ತದೆ. ಬೆಳಗಾವಿ, ಬಾಗಲಕೋಟೆ ಕಡೆ ರವದಿ ಅನ್ನೋದು ಇದನ್ನೇ, ಮಂಡ್ಯದವರಿಗೆ ತರಗು. ಅದನ್ನು ಗಾಳಿಯಾಡದ ಡ್ರಮ್ಮುಗಳಲ್ಲಿ ತುಂಬಿ, ಸುತ್ತ ಅದೇ ರವದಿಯ ಬೆಂಕಿ ಹಾಕಿ ಕಾಯಿಸುವುದು. ಒಳಗಿನದು ಉರಿಯದೆ ಇದ್ದಿಲಾಗುತ್ತದೆ. ಅದಕ್ಕೆ ಪಿಷ್ಟದ ಅಂಟು ಕಲಸಿ ಅಚ್ಚು ಒತ್ತುವುದು. 2002ರಲ್ಲಿ ಇದಕ್ಕೆ ಬ್ರಿಟನ್ನಿನ ಆಶ್‌ಡೆನ್ ಪ್ರಶಸ್ತಿ ಬಂತು. ಹೊಗೆಯಿಲ್ಲದ ಉರುವಲು, ಗಡಿಯಾಚೆಗಿನ ನಮ್ಮಂಥದೇ ಕಬ್ಬಿನ ನಾಡು. ಆದರೂ ಪ್ರತಿ ವರ್ಷ ಘಟಪ್ರಭಾ, ಕೃಷ್ಣಾ ದಂಡೆಯ ಗದ್ದೆಗಳಲ್ಲಿ ರವದಿಗೆ ಬೆಂಕಿ ಬೀಳುವುದು ನಿಂತಿಲ್ಲ. ಯಾಕೆ ಅನ್ನೋದಕ್ಕೆ ಆಮೇಲೆ ಬರುತ್ತೇನೆ.

ಅಂಟುಗಳ ಗುಣ ಮೊದಲು ನೋಡೋಣ. ಪಿಷ್ಟದ ಅಂಟು ಅಂದರೆ ಗೋಡೆಗೆ ಪೋಸ್ಟರ್ ಅಂಟಿಸಲು ಕಾಯಿಸುವ ಮೈದಾ ಗಂಜಿಯೇ. ಮರಗೆಣಸಿನ ಹಿಟ್ಟಾದರೂ ನಡೆಯುತ್ತದೆ. ನೀರಲ್ಲಿ ಕದಡಿ ಕಾಯಿಸಿದಾಗ 65-70 ಡಿಗ್ರಿಗೆ ಅದು ಲೋಳೆಯಾಗುತ್ತದೆ. ಕಾಯಿಸದೆ ಹಿಟ್ಟನ್ನು ಹಾಗೇ ಕಲಸಿದರೆ ಪ್ರಯೋಜನ ಇಲ್ಲ, ಹೊಸಬರು ಎಡವುವುದು ಇಲ್ಲೇ. ನೂರು ಕಿಲೋ ಇದ್ದಿಲು ಪುಡಿಗೆ ಐದರಿಂದ ಎಂಟು ಕಿಲೋ ಹಿಟ್ಟು ಸಾಕು. ಚೆನ್ನಾಗಿ ಹಿಡಿಯುತ್ತದೆ, ಉರಿಯುವಾಗ ಹೊಗೆ ಕಡಿಮೆ. ತೊಂದರೆ ಅಂದರೆ ಅದು ತಿನ್ನುವ ಪದಾರ್ಥ. ಮನುಷ್ಯರಿಗೆ ಮಾತ್ರ ಅಲ್ಲ, ಬೂಷ್ಟಿಗೂ.

ಇದು ಅನುಭವದ ಮಾತು. ಒಂದು ಜುಲೈನಲ್ಲಿ ಅಡಿಕೆ ಸಿಪ್ಪೆಯ ಇದ್ದಿಲಿಗೆ ಮೈದಾ ಗಂಜಿ ಕಲಸಿ ಲಡ್ಡಿನಂತೆ ಉಂಡೆ ಕಟ್ಟಿ, ಜಗುಲಿಯ ಮೇಲೆ ಮೊರದಲ್ಲಿ ಹರವಿದ್ದೆ. ಜಿಟಿಜಿಟಿ ಮಳೆ. ನಾಲ್ಕನೇ ದಿನ ಕಪ್ಪು ಉಂಡೆಗಳಿಗೆ ಬಿಳಿ ಗಡ್ಡ ಬಂದಿತ್ತು! ಹೊರಗೆ ಒಣಗಿದಂತೆ ಕಂಡವನ್ನೂ ಒಡೆದು ನೋಡಿದರೆ ನಡುವೆ ಹಸಿ. ಹಟಕ್ಕೆ ಒಲೆಗೆ ಹಾಕಿದೆ. ಚಟಪಟ ಸಿಡಿದು ಅಡುಗೆಮನೆ ಕಟ್ಟೆಯೆಲ್ಲ ಕಿಡಿ. "ಇದಕ್ಕಿಂತ ಸೀದಾ ಸಿಪ್ಪೆನೇ ಉರಿಸಬಹುದಿತ್ತಲ್ಲೋ" ಅಂದರು ಅಮ್ಮ. ಅವರಿಗೆ ಆಗ ಉತ್ತರ ಕೊಡಲು ಆಗಲಿಲ್ಲ. ಮುಂದಿನ ಸಲ ಉಂಡೆ ಚಿಕ್ಕದು ಮಾಡಿ, ನಡುವೆ ಕಡ್ಡಿಯಿಂದ ತೂತು ಹಾಕಿ, ಮಾರ್ಚ್ ಬಿಸಿಲಲ್ಲಿ ಒಣಗಿಸಿದೆ. ಅದು ಸರಿಹೋಯಿತು. ಅಂಟು ಎರಡೂ ಸಲ ಒಂದೇ.

ಸಗಣಿ ಎಲ್ಲರಿಗೂ ಮೊದಲು ಹೊಳೆಯುವ ಅಂಟು. ಬೆರಣಿ ತಟ್ಟುವ ಕೈಗಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಆದರೆ ತಿಪ್ಪೆಗೆ ಹೋಗಬೇಕಾದ್ದನ್ನು ಒಲೆಗೆ ಹಾಕಿ, ಆಮೇಲೆ ಅಂಗಡಿಯಿಂದ ಗೊಬ್ಬರ ತರುವ ಲೆಕ್ಕ ನನಗೆ ಸರಿ ಕಾಣುವುದಿಲ್ಲ. ಜೇಡಿಮಣ್ಣು ಪುಕ್ಕಟೆ ಸಿಗುತ್ತದೆ, ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಉರಿಯುವುದಿಲ್ಲ. ಹಾಕಿದಷ್ಟೂ ಬೂದಿಯಾಗಿ ಹೊರಗೆ ಬರುತ್ತದೆ. ನಿಧಾನಕ್ಕೆ ಉರಿಯಲಿ ಅನ್ನುವವರು ಸ್ವಲ್ಪ ಸೇರಿಸುತ್ತಾರೆ, ತೂಕಕ್ಕೆ ಅನ್ನುವವರು ಜಾಸ್ತಿ ಸೇರಿಸುತ್ತಾರೆ. ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಸಕ್ಕರೆ ಕಾರ್ಖಾನೆ ಇರುವ ಕಡೆ ಒಳ್ಳೆಯ ಅಂಟೇ. ಆದರೆ ಗಾಳಿಯಲ್ಲಿನ ತೇವ ಎಳೆದುಕೊಂಡು ಮಳೆಗಾಲದಲ್ಲಿ ಜಿಗುಟುತ್ತದೆ. ಅದಲ್ಲದೆ ಅದು ಸಾರಾಯಿಯ ಕಚ್ಚಾ ಮಾಲು, ಅಬಕಾರಿಯವರ ಕಣ್ಣು ಯಾವಾಗಲೂ ಅದರ ಮೇಲೆ. ನೆನೆಸಿ ರುಬ್ಬಿದ ಹಳೇ ರಟ್ಟು, ಪೇಪರ್ ಕೂಡ ಕೆಲಸ ಮಾಡುತ್ತದೆ. ನಿಜವಾಗಿ ಅದು ಅಂಟೇ ಅಲ್ಲ, ನಾರು ನಾರಿಗೆ ಹೆಣೆದುಕೊಳ್ಳುವುದು ಅಷ್ಟೇ. ಮನೆಮಟ್ಟಕ್ಕೆ ನನಗೆ ಇಷ್ಟವಾದದ್ದು ಇದು.

ಈಗ ದುಡ್ಡಿನ ಮಾತು. ಬಾಯ್ಲರಿಗೆ ಹೋಗುವ ಸಾದಾ ಬ್ರಿಕೆಟ್ ಕಿಲೋಗೆ ಏಳೆಂಟು ರೂಪಾಯಿ ಅಂತ ಇಟ್ಟುಕೊಳ್ಳಿ. ಸೀಸನ್ ನೋಡಿಕೊಂಡು ಹೆಚ್ಚುಕಮ್ಮಿ ಆಗುತ್ತದೆ. ನೂರು ಕಿಲೋಗೆ ಏಳೆಂಟು ನೂರು. ಅದಕ್ಕೆ ಆರು ಕಿಲೋ ಮೈದಾ ಹಾಕಿದರೆ, ಕಿಲೋಗೆ ನಲವತ್ತರಂತೆ 240 ರೂಪಾಯಿ. ಬಂದ ದುಡ್ಡಿನಲ್ಲಿ ಮೂರನೇ ಒಂದು ಭಾಗ ಅಂಟಿಗೇ ಹೋಯಿತು. ಕಾಯಿಸಿದ್ದು, ಕಲಸಿದ್ದು, ಒಣಗಿಸಿದ್ದು ಬೇರೆ. ಇಸ್ತ್ರಿ ಅಂಗಡಿಗೋ ತಂದೂರಿ ಒಲೆಗೋ ಹೋಗುವ ಇದ್ದಿಲು ಕಿಲೋಗೆ ಮೂವತ್ತು ದಾಟುತ್ತದೆ. ಅಲ್ಲಿ ಅದೇ 240 ರೂಪಾಯಿ ಭಾರ ಅನ್ನಿಸುವುದಿಲ್ಲ. ಪಿಷ್ಟದ ಅಂಟು ಇದ್ದಿಲಿಗೆ ಸರಿ, ಇದ್ದಿಲು ಮಾಡದ ಹೊಟ್ಟಿಗೆ ಸರಿಯಲ್ಲ ಅನ್ನುವುದು ರಸಾಯನಶಾಸ್ತ್ರದ ಮಾತೂ ಹೌದು, ಅಂಗಡಿಯ ಮಾತೂ ಹೌದು. ಆದರೆ ಇದ್ದಿಲಿನ ದಾರಿಗೆ ಇನ್ನೊಂದು ಸುಂಕ ಇದೆ. ನೂರು ಕಿಲೋ ರವದಿಯಲ್ಲಿ ಇದ್ದಿಲಾಗಿ ಉಳಿಯುವುದು ಇಪ್ಪತ್ತು, ಹೆಚ್ಚೆಂದರೆ ಇಪ್ಪತ್ತೈದು ಕಿಲೋ. ಉಳಿದದ್ದು ಗಾಳಿಗೆ.

ಅಂಟಿಗಿಂತ ಹತ್ತು ಪಾಲು ದೊಡ್ಡ ವಿಷಯ ತೇವ. ಒಂದು ಕಿಲೋ ಒಣ ಹೊಟ್ಟಿನಲ್ಲಿ 4000 ಕಿಲೋಕ್ಯಾಲೊರಿ ಶಾಖ ಇದೆ ಅಂದುಕೊಳ್ಳಿ. ಶೇಕಡಾ 10 ತೇವ ಇದ್ದರೆ, ನೀರನ್ನು ಆವಿ ಮಾಡಲು ಹೋದ ಶಾಖ ಕಳೆದು, ಕೈಗೆ ಸಿಗುವುದು ಸುಮಾರು 3540. ಶೇಕಡಾ 30 ತೇವ ಇದ್ದರೆ 2620. ಕಾಲು ಭಾಗಕ್ಕೂ ಹೆಚ್ಚು ಸುಮ್ನೆ ಹೋಯಿತು. ಅದಕ್ಕೇ ಬಾಯ್ಲರ್‌ನವರು ಲಾರಿ ಬಂದ ಕೂಡಲೇ ಮೊದಲು ತೇವ ನೋಡುತ್ತಾರೆ, ಆಮೇಲೆ ಬೂದಿ. ಮಷಿನ್ನಿಗೂ ತೇವ ಶೇಕಡಾ 8ರಿಂದ 12ರ ಒಳಗೇ ಬೇಕು. ಪೂರಾ ಒಣಗಿದ್ದರೂ ಕಷ್ಟ, ಲಿಗ್ನಿನ್ ಮೆತ್ತಗಾಗಲು ಒಂಚೂರು ತೇವ ಸಹಾಯ ಮಾಡುತ್ತದೆ. ಹಳಬರು ಮುಷ್ಟಿಯಲ್ಲಿ ಹಿಂಡಿ ನೋಡಿಯೇ ಹೇಳಿಬಿಡುತ್ತಾರೆ.

ಬೂದಿಯ ಕಥೆಯಲ್ಲಿ ಭತ್ತದ ಹೊಟ್ಟೇ ದೊಡ್ಡ ಖಳನಾಯಕ. ನೂರು ಕಿಲೋ ಉರಿಸಿದರೆ ಇಪ್ಪತ್ತು ಕಿಲೋದ ಹತ್ತಿರ ಬೂದಿ. ಶೇಂಗಾ ಹೊಟ್ಟಿನಲ್ಲಿ ಮೂರೋ ನಾಲ್ಕೋ ಕಿಲೋ. ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ನುಣ್ಣನೆಯ ಮರಳೇ. ಅಚ್ಚನ್ನೂ ಪಿಸ್ಟನ್ನನ್ನೂ ಅದು ಉಜ್ಜುಕಾಗದದಂತೆ ತಿಂದುಹಾಕುತ್ತದೆ. ಹುಲ್ಲಿನದು ಇನ್ನೊಂದು ಥರ. ಅದರಲ್ಲಿನ ಪೊಟ್ಯಾಷ್‌ನಿಂದ ಬೂದಿ ಕರಗಿ ಕುಲುಮೆಯೊಳಗೆ ಕಿಟ್ಟ ಕಟ್ಟುತ್ತದೆ.

ಇಷ್ಟೆಲ್ಲ ಮಷಿನ್ನು, ಅಂಟು, ಬೂದಿಯ ಮಾತಾಯಿತು. ಆದರೆ ಈ ಉದ್ಯಮ ನಿಲ್ಲುವುದು, ಬೀಳುವುದು ಇದರಿಂದಲ್ಲ. ಹೊಟ್ಟು ಎಲ್ಲಿ ಬಿದ್ದಿದೆ, ಅದು ಯಾರದು ಅನ್ನುವುದರಿಂದ.

ಕೇಂದ್ರ ನವೀಕರಿಸಬಹುದಾದ ಇಂಧನ ಸಚಿವಾಲಯಕ್ಕಾಗಿ ಹೈದರಾಬಾದಿನ ಆಡಳಿತ ಸಿಬ್ಬಂದಿ ಕಾಲೇಜು ಮಾಡಿದ ಅಧ್ಯಯನದ ಪ್ರಕಾರ ದೇಶದಲ್ಲಿ ವರ್ಷಕ್ಕೆ ಸುಮಾರು 75 ಕೋಟಿ ಟನ್ ಬೆಳೆ ಉಳಿಕೆ ಬರುತ್ತದೆ. ಅದರಲ್ಲಿ ಸುಮಾರು 23 ಕೋಟಿ ಟನ್ 'ಹೆಚ್ಚುವರಿ', ಅಂದರೆ ಮೇವಿಗೆ, ಉರುವಲಿಗೆ, ಗೊಬ್ಬರಕ್ಕೆ ಹೋಗಿ ಉಳಿದದ್ದು. ಯೋಜನಾ ವರದಿಗಳೆಲ್ಲ ಈ ಅಂಕಿಯಿಂದಲೇ ಶುರುವಾಗುತ್ತವೆ. ಕಾಗದದ ಮೇಲೆ 23 ಕೋಟಿ ಟನ್ ಒಂದೇ ರಾಶಿ. ನೆಲದ ಮೇಲೆ ಅದು ಒಬ್ಬೊಬ್ಬರ ಎರಡೆರಡು ಎಕರೆಯಲ್ಲಿ, ಕೊಯ್ಲಾದ ಹದಿನೈದು ದಿನ ಮಾತ್ರ ಸಿಗುವ, ಗಾಡಿಯಲ್ಲಿ ಹೇರಿದರೆ ಗಾಡಿ ತುಂಬಿದರೂ ತೂಕವೇ ಬಾರದ ಮಾಲು. ಬಿಡಿ ಹೊಟ್ಟು ಒಂದು ಘನ ಮೀಟರಿಗೆ ನೂರು ಕಿಲೋದ ಆಸುಪಾಸು ತೂಗುತ್ತದೆ. ದಿಂಡಾದ ಮೇಲೆ ಪೇರಿಸಿದರೆ ಆರು ನೂರು. ಹೊಟ್ಟನ್ನು ಐವತ್ತು ಕಿಲೋಮೀಟರ್ ಆಚೆಯಿಂದ ತಂದರೆ ಡೀಸೆಲ್ಲೇ ಲಾಭ ತಿನ್ನುತ್ತದೆ.

ರವದಿ ಇನ್ನೂ ಗದ್ದೆಯಲ್ಲೇ ಉರಿಯುವುದು ಇದಕ್ಕೇ. ಆಯ್ದು, ಕಟ್ಟಿ, ಹೊತ್ತು ತರುವ ಕೂಲಿ ಅದರ ಬೆಲೆಗಿಂತ ಜಾಸ್ತಿ. ಮುಂದಿನ ಕೂಳೆಗೆ, ಅಂದರೆ ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕಬ್ಬಿಗೆ, ಗದ್ದೆ ಬೇಗ ಬಿಟ್ಟುಕೊಡಬೇಕು, ಕಡ್ಡಿ ಗೀರುವುದು ಸುಲಭ. ನನ್ನನ್ನು ಕೇಳಿದರೆ ರವದಿಗೆ ಬ್ರಿಕೆಟ್ ಬೇಡವೇ ಬೇಡ. ಕೂಳೆ ಸಾಲಿನ ನಡುವೆ ಹಾಸಿ ಬಿಟ್ಟರೆ ನೀರು ಉಳಿಯುತ್ತದೆ, ಕಳೆ ಅಡಗುತ್ತದೆ, ಮಣ್ಣಿಗೆ ಸಾವಯವ ಸೇರುತ್ತದೆ. ಶೇಂಗಾ ಬಳ್ಳಿ, ಜೋಳದ ಸೊಪ್ಪೆ, ರಾಗಿ ಹುಲ್ಲಿನ ವಿಷಯ ಕೇಳಲೇಬೇಕಾಗಿಲ್ಲ, ಅವು ದನದ ಬಾಯಿಗೆ. ಬಯಲುಸೀಮೆಯಲ್ಲಿ ಬಣವೆ ನೋಡಿ ಹೆಣ್ಣು ಕೊಡುತ್ತಿದ್ದ ಕಾಲವೂ ಇತ್ತು.

ಹತ್ತಿ ಕಟ್ಟಿಗೆಯ ಕಥೆ ಉಲ್ಟಾ. ಅದನ್ನು ಹೊಲದಲ್ಲಿ ಬಿಟ್ಟರೇ ತೊಂದರೆ. ಒಣಗಿ ನಿಂತ ಗಿಡದ ಉಳಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕ ಅಡಗಿ ಕೂತು ಮುಂದಿನ ಬೆಳೆಗೆ ಕಾಯುತ್ತದೆ. ಕಿತ್ತು ತಂದು ಬದುವಿನ ಮೇಲೆ ಪೇರಿಸಿದರೂ ಕೀಟ ಅಲ್ಲೇ. ಚೂರು ಮಾಡಿದರೆ ಅದಕ್ಕೆ ಜಾಗ ಇಲ್ಲ. ರಾಯಚೂರು, ಕಲಬುರಗಿ, ಹಾವೇರಿ ಕಡೆ ಹತ್ತಿ ಕಟ್ಟಿಗೆ ಚೂರು ಮಾಡುವ ಮಷಿನ್ ಊರಿಗೆ ಬಂದರೆ ಇಂಧನದ ಜೊತೆ ಕೀಟದ ಕೆಲಸವೂ ಆಗುತ್ತದೆ. ಸಹಾಯಧನ ಕೊಡುವುದಾದರೆ ಇಂಥ ಕಡೆ ಕೊಡಬೇಕು. ಕೇಂದ್ರದ 2022ರ ಜೈವಿಕ ಇಂಧನ ಮಾರ್ಗಸೂಚಿ ಬ್ರಿಕೆಟ್ ಘಟಕಕ್ಕೆ ಗಂಟೆಗೆ 1 ಟನ್ ಸಾಮರ್ಥ್ಯಕ್ಕೆ 9 ಲಕ್ಷ ರೂಪಾಯಿ, ಹೆಚ್ಚೆಂದರೆ 45 ಲಕ್ಷ ಕೊಡುವ ಮಾತಾಡಿತು. ಅದು ಮಷಿನ್ನಿನ ಗಾತ್ರಕ್ಕೆ ಸಿಗುವ ದುಡ್ಡು. ಮಷಿನ್ ಸಿಗುವುದು ಯಾವತ್ತೂ ಕಷ್ಟ ಆಗಿರಲಿಲ್ಲ, ರಾಜಕೋಟಿಗೆ ಫೋನ್ ಮಾಡಿದರೆ ಲಾರಿಯಲ್ಲಿ ಬರುತ್ತದೆ. ಕಷ್ಟ ಇರುವುದು ಅದರ ಬಾಯಿಗೆ ವರ್ಷಪೂರ್ತಿ ಒಣ ಮಾಲು ಹಾಕುವುದರಲ್ಲಿ.

ಅದಕ್ಕೇ ಗೆಲ್ಲುತ್ತಿರುವವು ಹೊಲಕ್ಕೆ ಹೋಗಬೇಕಿಲ್ಲದ ಮಾಲುಗಳು. ಮಿಲ್ಲಿನಲ್ಲಿ ತಾನೇ ರಾಶಿಯಾಗುವ ಶೇಂಗಾ ಹೊಟ್ಟು, ಹಾಸನ, ಚಿಕ್ಕಮಗಳೂರಿನ ಕ್ಯೂರಿಂಗ್ ಕೇಂದ್ರಗಳ ಕಾಫಿ ಹೊಟ್ಟು, ಸಾಮಿಲ್ಲಿನ ಮರದ ಪುಡಿ. ಇವುಗಳ ಸಾಲಿಗೆ ಬರಬೇಕಾಗಿ ಬರದೆ ಉಳಿದದ್ದು ಅಡಿಕೆ ಸಿಪ್ಪೆ. ಶಿವಮೊಗ್ಗ, ಚನ್ನಗಿರಿ, ಭೀಮಸಮುದ್ರದ ದಾರಿಯಲ್ಲಿ ಸೀಸನ್ನಿನಲ್ಲಿ ಓಡಾಡಿದವರಿಗೆ ರಸ್ತೆ ಬದಿಯ ಆ ಹೊಗೆ ಗೊತ್ತಿರುತ್ತದೆ. ಹಣ್ಣಿನ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಸಿಪ್ಪೆಯೇ. ಸುಲಿಯುವ ಮನೆಯಲ್ಲೇ ರಾಶಿ ಬೀಳುತ್ತದೆ, ಲಿಗ್ನಿನ್ನೂ ಇದೆ. ಆದರೆ ಹಸಿ, ಮೇಲಾಗಿ ನಾರು. ಪುಡಿ ಮಾಡುವ ಮಷಿನ್ನಿಗೆ ಸುತ್ತಿಕೊಂಡು ನಿಲ್ಲಿಸಿಬಿಡುತ್ತದೆ. ಅಡಿಕೆ ಒಣಗಿಸಲು ಅಂಗಳ ಇದೆ, ಸಿಪ್ಪೆಗೂ ಅದೇ ಅಂಗಳ ಬೇಕು ಅಂದರೆ ಯಾವ ಬೆಳೆಗಾರ ಬಿಡುತ್ತಾನೆ ಹೇಳಿ?

ಮಾಲಿನ ಮೇಲೆ ಯಾರ ಹಿಡಿತ ಅನ್ನುವುದಕ್ಕೆ ನಮ್ಮಲ್ಲೇ ಒಂದು ಪಾಠ ಇದೆ. 2006ರಲ್ಲಿ ಬ್ರಿಟನ್ನಿನ ತೈಲ ಕಂಪನಿ ಬಿ.ಪಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆ ಸೇರಿ 'ಊರ್ಜಾ' ಅನ್ನುವ ಒಲೆ ತಂದಿತು. ಸಣ್ಣ ಫ್ಯಾನು, ಚಾರ್ಜ್ ಮಾಡುವ ಬ್ಯಾಟರಿ. ಬೆಳೆ ಉಳಿಕೆ ಒತ್ತಿ ಮಾಡಿದ ಚಿಕ್ಕ ಗುಳಿಗೆ, ಅಂದರೆ ಪೆಲೆಟ್, ತುಂಬಿದರೆ ಗ್ಯಾಸಿನಂತೆ ಉರಿ. ಮಹಾರಾಷ್ಟ್ರ, ಕರ್ನಾಟಕ, ತಮಿಳುನಾಡಿನಲ್ಲಿ ಸುಮಾರು ನಾಲ್ಕು ಲಕ್ಷ ಒಲೆ ಮಾರಾಟವಾದವು. ಒಲೆ ಚೆನ್ನಾಗಿತ್ತು, ಪೆಲೆಟ್ಟೂ ಚೆನ್ನಾಗಿತ್ತು. ಅಷ್ಟರಲ್ಲಿ ಅದೇ ಹೊಟ್ಟಿಗೆ ಕಾರ್ಖಾನೆಗಳು ಹೆಚ್ಚು ಬೆಲೆ ಕೊಡತೊಡಗಿದವು. ಪೆಲೆಟ್ ಬೆಲೆ ಏರಿತು, ಮನೆಗಳು ಒಂದೊಂದಾಗಿ ಕೈಬಿಟ್ಟವು. ಬಿ.ಪಿ.ಯಿಂದ ಈ ವಹಿವಾಟು ಕೊಂಡ ಫಸ್ಟ್ ಎನರ್ಜಿ ಕಂಪನಿ ಕೊನೆಗೆ ಹೋಟೆಲ್, ಕ್ಯಾಂಟೀನ್ ಅಡುಗೆಮನೆಗಳ ಕಡೆ ತಿರುಗಿತು. ಒಲೆಗಳು ಅಟ್ಟ ಸೇರಿದವು.

ಈಗ ಅದಕ್ಕಿಂತ ದೊಡ್ಡ ಗಿರಾಕಿ ಬಂದಿದ್ದಾನೆ. ಉಷ್ಣ ವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನ ಜೊತೆ ಬೆಳೆ ಉಳಿಕೆಯನ್ನೂ ಸೇರಿಸಿ ಸುಡಲೇಬೇಕು ಅಂತ ಕೇಂದ್ರ ವಿದ್ಯುತ್ ಸಚಿವಾಲಯ 2021ರಲ್ಲಿ ನಿಯಮ ಮಾಡಿತು. 2023ರ ತಿದ್ದುಪಡಿಯಲ್ಲಿ 2024-25ರಿಂದ ಶೇಕಡಾ 5, 2025-26ರಿಂದ ಶೇಕಡಾ 7 ಅಂತ ಗೊತ್ತುಮಾಡಿತು. ಇದರ ಹಿಂದೆ ಇದ್ದದ್ದು ಪಂಜಾಬ್, ಹರಿಯಾಣದ ಹುಲ್ಲಿನ ಹೊಗೆ. ನಿಯಮ ಮಾತ್ರ ರಾಯಚೂರಿಗೂ ವಿಜಯಪುರ ಜಿಲ್ಲೆಯ ಕೂಡಗಿಗೂ ಒಂದೇ. ಕೂಡಗಿ ಒಂದೇ 2400 ಮೆಗಾವಾಟಿನ ಸ್ಥಾವರ. ಅಷ್ಟು ದೊಡ್ಡ ಬಾಯಿ ಸುತ್ತಲಿನ ಜಿಲ್ಲೆಗಳ ತೊಗರಿ ಕಟ್ಟಿಗೆಯ ಕಡೆ ತಿರುಗಿದರೆ ಏನಾಗುತ್ತದೆ? ರೈತರಿಗೆ ನಾಲ್ಕು ಕಾಸು ಬರುತ್ತದೆ, ಅದು ಒಳ್ಳೆಯದೇ. ಆದರೆ ತೊಗರಿ ಕಟ್ಟಿಗೆ ಆ ಕಡೆ ಎಷ್ಟೋ ಮನೆಗಳ ವರ್ಷದ ಉರುವಲು. ಹೊಲ ಇಲ್ಲದವರು ರಾಶಿ ಮುಗಿದ ಮೇಲೆ ಕೇಳಿ ಹೊತ್ತು ತರುವುದು ಅದನ್ನೇ. 'ಹೆಚ್ಚುವರಿ' ಲೆಕ್ಕ ಹಾಕುವಾಗ ತಲೆ ಮೇಲಿನ ಆ ಹೊರೆಯನ್ನು ಯಾರು ತೂಗುತ್ತಾರೆ? ಉಜ್ವಲಾ ಸಿಲಿಂಡರ್ ಇದೆಯಲ್ಲ ಅನ್ನಬಹುದು. ಇದೆ. ತುಂಬಿಸಲು ದುಡ್ಡಿರುವ ತಿಂಗಳು ಉರಿಯುತ್ತದೆ.

ಚಳ್ಳಕೆರೆಯ ಆ ಮಿಲ್ಲಿಗೆ ಮೊನ್ನೆ ಮತ್ತೆ ಹೋಗಿದ್ದೆ. ಹೊಟ್ಟಿನ ಗುಡ್ಡೆಗೆ ಈಗ ನೀಲಿ ತಾಡಪಾಲು ಹೊದಿಸಿ, ನಾಲ್ಕೂ ಮೂಲೆಗೆ ಕಲ್ಲು ಹೇರಿದ್ದಾರೆ. ಪಕ್ಕದಲ್ಲಿ ಒಂದು ತೂಕದ ಯಂತ್ರ ಬಂದಿದೆ. ಪಕ್ಕದ ಕಾಲೋನಿಯ ಹೆಂಗಸೊಬ್ಬರು ನೀರೊಲೆಗೆ ಅಂತ ಚೀಲ ಹಿಡಿದು ಬಂದಿದ್ದರು. ಮೊದಲಾದರೆ ತುಂಬಿಕೊಂಡು ಹೋಗುತ್ತಿದ್ದರಂತೆ, ಯಾರೂ ಕೇಳುತ್ತಿರಲಿಲ್ಲ. ಕಾವಲಿನವನು ಚೀಲಕ್ಕೆ ಮೂವತ್ತು ರೂಪಾಯಿ ಅಂದ. ಅವರು ಸ್ವಲ್ಪ ಹೊತ್ತು ನಿಂತರು. "ಹೊಟ್ಟಿಗೂ ರೊಕ್ಕ ಏನಣ್ಣ?" ಅಂದು ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡರು.